ಒಂಬತ್ತು ಒತ್ತಿದರೆ ಅಕ್ಕ

ಅಕ್ಕ ಫೋನ್ ಎತ್ತಿದರೆ ಒಂದು ದಿನವೂ “ಹಲೋ” ಅಂದವರಲ್ಲ. “ಹೇಳ್ರಿ” ಅನ್ನುತ್ತಿದ್ದರು. ಅಷ್ಟೇ. ಕಂಪನಿ ಹೆಸರಿಲ್ಲ, ನಮಸ್ಕಾರ ಇಲ್ಲ, ಏನೂ ಇಲ್ಲ. ಬೆಂಗಳೂರು ಕಡೆಯ ಸೂಟುಬೂಟಿನ ಮಂದಿಗೆ ಇದು ಒರಟಾಗಿ ಕೇಳುತ್ತಿತ್ತು. ಒಬ್ಬ ಪುಣ್ಯಾತ್ಮ ನಮ್ಮ ಧಣಿಗೆ ದೂರು ಕೊಟ್ಟೇಬಿಟ್ಟ, ನಿಮ್ಮ ಆಪರೇಟರಿಗೆ ಸ್ವಲ್ಪ ಮರ್ಯಾದೆ ಕಲಿಸಿ ಅಂತ. ಧಣಿ ಕರೆಸಿ ಕೇಳಿದರೆ ಅಕ್ಕ ಅಂದದ್ದು ಇದು: “ಧಣೀ, ಫೋನ್ ಮಾಡಿದವ್ರಿಗೆ ಏನೋ ಹೇಳೋದು ಇರ್ತೈತಿ. ಹೇಳ್ರಿ ಅಂದ್ರ ಹೇಳ್ತಾರ. ನಾ ಹಲೋ ಅಂದ್ರ ಅವರೂ ಹಲೋ ಅಂತಾರ. ಹಲೋ ಹಲೋ ಅನ್ನೋದ್ರಾಗ ನಿಮ್ಮ ಒಂದು ಲಾರಿ ಗುಡ್ಡಾ ಇಳದು ಹೋಗಿರ್ತೈತಿ.” ಲಾರಿಯ ಮಾತು ಬಂದ ಮೇಲೆ ಧಣಿ ಆ ದೂರನ್ನು ಅಲ್ಲಿಗೇ ಬಿಟ್ಟರು.

ಅಕ್ಕ ತೀರಿಹೋಗಿ ತಿಂಗಳ ಮೇಲಾಯಿತು. ಅವರ ಬಗ್ಗೆ ನಾಲ್ಕು ಸಾಲು ಬರೆಯೋಣ ಅಂತ ಕೂತರೆ ಮೊದಲು ಕಿವಿಗೆ ಬೀಳುವುದು ಆ “ಹೇಳ್ರಿ”. ಅದರ ಬೆನ್ನಿಗೇ ನನ್ನ ತಪ್ಪು ನೆನಪಾಗುತ್ತದೆ. ಎರಡನ್ನೂ ಬರೆಯುತ್ತೇನೆ. ಸತ್ತವರನ್ನು ಹೊಗಳಿ ತನ್ನ ತಪ್ಪನ್ನು ಮುಚ್ಚಿಕೊಳ್ಳುವ ಬರಹಗಳು ಬೇಕಾದಷ್ಟು ಬರುತ್ತವೆ, ಅವುಗಳಲ್ಲಿ ಇನ್ನೊಂದು ಬೇಡ.

ಕಬ್ಬಿಣದ ಅದಿರಿನ ಭರಾಟೆಯ ವರ್ಷಗಳ ಹೊಸಪೇಟೆ ಕಂಡವರಿಗೆ ಗೊತ್ತು. ಆ ಕೆಂಪು ಧೂಳಿನಲ್ಲಿ ಬಿಳಿ ಅಂಗಿ ಬಿಳಿಯಾಗಿ ಇರುತ್ತಿದ್ದದ್ದು ಬೆಳಗಿನ ಒಗ್ಗರಣಿ ಮಿರ್ಚಿ ತಿಂದು ಮುಗಿಸುವ ತನಕ ಮಾತ್ರ. ಅದಿರು ತುಂಬಿದ ಟಿಪ್ಪರುಗಳು ಒಂದರ ಹಿಂದೆ ಒಂದು. ನಿನ್ನೆ ಸೈಕಲ್ ತುಳಿಯುತ್ತಿದ್ದವನು ಇವತ್ತು ಎರಡು ಟಿಪ್ಪರಿನ ಮಾಲೀಕ. ನಾನು ಡಿಪ್ಲೊಮಾ ಮುಗಿಸಿದವನು ಅಂಥದೊಂದು ಗಣಿ ಕಂಪನಿಗೆ “ಸಿಸ್ಟಮ್ ನೋಡಿಕೊಳ್ಳೋನು” ಅಂತ ಸೇರಿದೆ. ಅಂದರೆ ವೈರ್ ಇರುವುದೆಲ್ಲಾ ನನ್ನ ಪಾಲಿಗೆ. ಕಂಪ್ಯೂಟರು, ಪ್ರಿಂಟರು, ಧಣಿಯ ಮನೆಯ ಟಿವಿ, ಒಂದು ಸಲ ಅವರ ಅತ್ತೆಯವರ ಮಿಕ್ಸಿ ಕೂಡ. ಗಣಿ ಇದ್ದದ್ದು ಸಂಡೂರಿನ ಗುಡ್ಡದ ಮೇಲೆ, ಆಫೀಸು ಇದ್ದದ್ದು ಹೊಸಪೇಟೆಯಲ್ಲಿ. ಈ ಎರಡನ್ನೂ ಸೇರಿಸುತ್ತಿದ್ದವರು ಅಕ್ಕ.

ಮೆಟ್ಟಿಲ ಕೆಳಗಿನ ಸಣ್ಣ ಜಾಗದಲ್ಲಿ ಒಂದು ಮೇಜು, ಅದರ ಮೇಲೆ ಸ್ವಿಚ್ ಬೋರ್ಡು, ಒಂದು ಕುರ್ಚಿ. ಕುರ್ಚಿಯ ಮೇಲಿನ ದಿಂಬು ಅವರ ಯಜಮಾನರು ಹೊಲಿದದ್ದು. ಅವರದು ಟೈಲರ್ ಅಂಗಡಿ. ಗಿರಾಕಿಗಳ ರವಿಕೆ ಬಟ್ಟೆಯ ಚೂರುಗಳನ್ನೇ ಜೋಡಿಸಿ ಹೊಲಿದಿದ್ದರು. ಯಾರಾದರೂ ಹೆಣ್ಣುಮಕ್ಕಳು ಆಫೀಸಿಗೆ ಬಂದರೆ ಅಕ್ಕ ದಿಂಬು ತೋರಿಸಿ, “ನೋಡ್ರಿ, ಹೊಸಪೇಟಿ ಅರ್ಧ ಮಂದಿ ಲಗ್ನದ ಬಟ್ಟಿ ಮ್ಯಾಲೆ ಕುಂತೀನಿ” ಅಂತ ನಗುತ್ತಿದ್ದರು. ಕಂಪನಿಯ ಮೊಟ್ಟಮೊದಲ ನೌಕರಳು ತಾನೇ ಅಂತ ಅವರಿಗೆ ಹೆಮ್ಮೆ. ಹೆಮ್ಮೆ ಇರಬೇಕಾದ್ದೇ.

ಗುಡ್ಡದ ಮೇಲಿನ ಯಾವ ಫೋನಿನಿಂದಲಾದರೂ ಒಂಬತ್ತು ಒತ್ತಿದರೆ ಅಕ್ಕ ಸಿಗುತ್ತಿದ್ದರು. ಗುಡ್ಡದ ಹಿಂಬದಿಗೆ ಮೊಬೈಲ್ ಸಿಗ್ನಲ್ ಹಾಯುತ್ತಿರಲಿಲ್ಲ. ಹಾಗಾಗಿ ಅಲ್ಲಿರುವ ನೂರಾರು ಮಂದಿಗೆ ಆಸ್ಪತ್ರೆ, ಮನೆ, ಡೀಸೆಲ್ಲು, ನೀರಿನ ಟ್ಯಾಂಕರು ಎಲ್ಲಾ ಒಂಬತ್ತನೇ ನಂಬರಿನ ಒಳಗೇ. ಕಂಪ್ಲಿಯಿಂದ ಯಾವಳೋ ಡ್ರೈವರನ ಹೆಂಡತಿ ಫೋನ್ ಮಾಡಿ “ನಮ್ಮನಿಯವ್ರು” ಅನ್ನುವಷ್ಟರಲ್ಲಿ ಅಕ್ಕ, “ಈಗ ಗೇಟ್ ದಾಟ್ಯಾರ ಯವ್ವಾ, ರೊಟ್ಟಿ ಬಡಿಯಾಕ ಶುರು ಮಾಡು” ಅನ್ನುತ್ತಿದ್ದರು. ಹೆಸರು ಕೇಳುವುದೇ ಇಲ್ಲ. ದನಿಯಿಂದಲೇ ಗಂಡ ಯಾರು, ಗಾಡಿ ಯಾವುದು ಅಂತ ಗೊತ್ತು.

ಕಡ್ಡಿರಾಂಪುರದ ಕಡೆ ಹಂಪಿ ನೋಡಲು ಬರುವವರಿಗೆ ರೂಮು ಕೊಡುವ ಒಂದು ಮನೆಯಿತ್ತು. ಅದರ ಫೋನ್ ನಂಬರಿಗೂ ನಮ್ಮ ಆಫೀಸಿನ ನಂಬರಿಗೂ ಕೊನೆಯ ಒಂದು ಅಂಕಿ ವ್ಯತ್ಯಾಸ. ವಾರಕ್ಕೆ ಎರಡಾದರೂ ಪರದೇಶಿ ಫೋನುಗಳು ನಮಗೆ ಬರುತ್ತಿದ್ದವು. ಅಕ್ಕ ಮೊದಮೊದಲು “ನೋ ರೂಮ್, ಓನ್ಲಿ ಮಣ್ಣು” ಅಂತ ಇಟ್ಟುಬಿಡುತ್ತಿದ್ದರು. ಆಮೇಲೆ ಪಾಪ ಅನ್ನಿಸಿ ಆ ಮನೆಯ ನಂಬರನ್ನು ಇಂಗ್ಲಿಷಿನಲ್ಲಿ ಒಂದೊಂದೇ ಅಂಕಿ ಬಿಡಿಸಿ ಹೇಳುವುದು ಕಲಿತರು. ಆ ಮನೆಯವರು ಪ್ರತಿ ದಸರಾಕ್ಕೆ ಒಂದು ಗೊನೆ ಸುಗಂಧಿ ಬಾಳೆಹಣ್ಣು ಕಳಿಸುತ್ತಿದ್ದರು, ಇಡೀ ಆಫೀಸು ತಿನ್ನುತ್ತಿತ್ತು.

ಇನ್ನು ಅವರ ಎರಡು ಪದ್ಧತಿ ಹೇಳಬೇಕು. ಇವು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಗುಡ್ಡದ ಮೇಲೆ ಕಲ್ಲು ಒಡೆಯುವ ಕ್ರಷರ್ ಇತ್ತಲ್ಲ, ಅದರ ಪಕ್ಕದಲ್ಲಿ ನಿಂತರೆ ನಿಮ್ಮ ಮಾತು ನಿಮಗೇ ಕೇಳಿಸದು. ಅಲ್ಲಿಂದ ಫೋನ್ ಮಾಡಿದವರು ಆ ಕಡೆಯ ಉತ್ತರ ಕೇಳಲಾರದೆ “ಆಂ? ಏನು?” ಅಂತ ಅರಚುತ್ತಾ ನಿಲ್ಲುತ್ತಿದ್ದರು. ಅಕ್ಕ ಅವರಿಗೆಲ್ಲಾ ಕಲಿಸಿದ್ದು ಇಷ್ಟು: “ನಾ ಹೇಳ್ರಿ ಅಂದದ್ದು ಕೇಳಿಸ್ತು ಅಂದ್ರ ಮುಗೀತು. ನಿಮ್ಮ ವಿಷಯ ಎರಡು ಸಲ ಹೇಳಿ ಇಟ್ಟುಬಿಡ್ರಿ. ನನ್ನ ಉತ್ತರಕ್ಕ ಕಾಯಬ್ಯಾಡ್ರಿ. ಕೆಲಸ ಆಕೈತಿ.” ಆಗುತ್ತಿತ್ತು ಕೂಡ. ಅಷ್ಟು ವರ್ಷದಲ್ಲಿ ಒಂದು ಸಲವೂ ತಪ್ಪಿದ್ದಿಲ್ಲ. ಎರಡನೆಯದು, ದಿನಾ ಹನ್ನೊಂದು ಗಂಟೆಗೆ ಅವರೇ ಗುಡ್ಡದ ಪ್ರತಿ ಫೋನಿಗೂ ರಿಂಗ್ ಮಾಡಿ “ಕೇಳ್ತೈತೇನ್ರಿ?” ಅಂತ ಕೇಳಿ ಇಡುತ್ತಿದ್ದರು. ಲೈನ್ ಸರಿಯಿದೆಯೋ ನೋಡಲು. ಯಾರೂ ಮಾಡು ಅಂದದ್ದಲ್ಲ.

ಹೀಗಿರುವಾಗ ಧಣಿ ಬೆಂಗಳೂರಿಗೆ ಹೋಗಿ ಬಂದರು. ಧಣಿ ಬೆಂಗಳೂರಿಗೆ ಹೋದರೆಂದರೆ ನನಗೊಂದು ಹೊಸ ಕೆಲಸ ಅಂತಲೇ ಲೆಕ್ಕ. ಯಾರದೋ ಆಫೀಸಿನಲ್ಲಿ ಇಂಟರ್‌ನೆಟ್ ಮೇಲೆ ನಡೆಯುವ ಫೋನು ನೋಡಿದ್ದರು. ಫೋನ್ ಮಾಡಿದರೆ ಮೊದಲು ಒಂದು ಹೆಣ್ಣುದನಿ ಬರುತ್ತದಂತೆ, ಇದಕ್ಕೆ ಒಂದು ಒತ್ತಿರಿ, ಅದಕ್ಕೆ ಎರಡು ಒತ್ತಿರಿ ಅನ್ನುತ್ತದಂತೆ. “ಲೇ, ನಮಗೂ ಹಂಗ ಆಗ್ಬೇಕು. ಗುಡ್ಡಕ್ಕೂ ಅದನ್ನ ಹಾಕು. ಆಪರೇಟರ್ ಬ್ಯಾಡ ಆಕೈತಿ” ಅಂದರು. ಅಕ್ಕನ ಕುರ್ಚಿ ಆ ತಿಂಗಳ ಕೊನೆಗೆ ಮುಚ್ಚುವುದು ಅಂತ ಅವತ್ತೇ ನಿರ್ಧಾರವಾಯಿತು.

ಆ ಕುರ್ಚಿ ಹೋದರೆ ಏನು ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ರೆಡಿಮೇಡ್ ಅಂಗಡಿಗಳು ಬಂದ ಮೇಲೆ ಯಜಮಾನರ ಹೊಲಿಗೆ ಕುಂಟುತ್ತಿತ್ತು. ಮಗಳು ಬಳ್ಳಾರಿಯಲ್ಲಿ ನರ್ಸಿಂಗ್ ಎರಡನೇ ವರ್ಷ. ಆ ಹುಡುಗಿಯ ಓದು ನಿಂತಿದ್ದದ್ದು ಈ ಒಂದು ಕುರ್ಚಿಯ ಮೇಲೆ. ಹೇಗಪ್ಪಾ ಹೇಳೋದು ಅಂತ ಎರಡು ದಿನ ಅಕ್ಕನ ಮೇಜಿನ ಕಡೆ ಸುಳಿಯಲೇ ಇಲ್ಲ. ಮೂರನೇ ದಿನ ಅವರೇ ಕೂಗಿದರು.

“ಏ ತಮ್ಮಾ, ಬಾ ಇಲ್ಲಿ. ಯಾಕ ಕಳ್ಳಬೆಕ್ಕಿನಂಗ ಅಡ್ಡಾಡಾಕತ್ತಿ? ನನಗ ಗೊತ್ತೈತಿ.”

“ಯಾರು ಹೇಳಿದ್ರಕ್ಕಾ?”

“ನಾ ಏನೂ ಕದ್ದು ಕೇಳಿಲ್ಲಪ್ಪಾ. ನಿಮ್ಮ ಧಣಿ ಬೆಂಗಳೂರಿನವ್ರ ಜೋಡಿ ಮಾತಾಡೋ ಮುಂದ ಫೋನೇ ಬೇಕಾಗಿದ್ದಿಲ್ಲ, ಅಷ್ಟು ಜೋರ್ ಮಾತಾಡಿದ್ರು. ಇರ್ಲಿ. ಎಷ್ಟು ಫೋನ್ ಬರ್ತಾವು?”

ಮೂವತ್ತೊಂದು ಬಂದವು. ಹೊಸವಲ್ಲ. ಧಣಿಯ ಜಿಪುಣತನ ಧಣಿಗೇ ಪ್ರೀತಿ. ಬೆಂಗಳೂರಿನಲ್ಲಿ ಬಾಗಿಲು ಹಾಕಿದ ಒಂದು ಕಾಲ್ ಸೆಂಟರಿನ ಹಳೇ ಮೇಜು ಫೋನುಗಳು. ಕಪ್ಪು ಬಣ್ಣ, ಬೆರಳುದ್ದದ ಪರದೆ, ಪಕ್ಕದಲ್ಲಿ ಯಾರ್ಯಾರದೋ ಹೆಸರಿನ ಸ್ಟಿಕರು. ಒಂದರ ರಿಸೀವರಿನಲ್ಲಿ ಲಿಪ್‌ಸ್ಟಿಕ್ ಕಲೆ. ವೈರ್ ಚುಚ್ಚಿದರೆ ದೀಪ ಹೊತ್ತಿಕೊಂಡು, “ಹುಡುಕುತ್ತಿದೆ, ಹುಡುಕುತ್ತಿದೆ” ಅಂತ ಇಂಗ್ಲಿಷಿನಲ್ಲಿ ತೋರಿಸುತ್ತಾ ಕೂರುತ್ತಿದ್ದವು. ಅವುಗಳ ಹೊಟ್ಟೆಯಲ್ಲಿ ಇನ್ನೂ ಆ ಹಳೇ ಕಂಪನಿಯ ವಿಳಾಸವೇ ಇತ್ತು. ನಾನು ಕಾರಣ ವಿವರಿಸಿದರೆ ಅಕ್ಕ ಲೊಚಗುಟ್ಟಿದರು. “ಪಾಪ, ಹಳೇ ಮಾಲೀಕನ್ನ ಹುಡುಕಾಕತ್ತಾವು. ಅಂವಾ ಅಂಗಡಿ ಮುಚ್ಚಿ ಓಡಿಹೋದದ್ದು ಇವಕ್ಕ ಯಾರೂ ಹೇಳಿಲ್ಲ.”

ಆ ಫೋನುಗಳನ್ನು ದಾರಿಗೆ ತರುವುದು ಅಂದರೆ ಏನು ಕಥೆ ಅಂತೀರಿ! ಮೊದಲು ಕರೆಂಟು ಕಿತ್ತು, ಹ್ಯಾಶ್ ಗುಂಡಿ ಒತ್ತಿ ಹಿಡಿದುಕೊಂಡೇ ಮತ್ತೆ ಕರೆಂಟು ಕೊಡಬೇಕು. ದೀಪ ಮಿಣುಕಿದ ಕೂಡಲೇ ಒಂದರಿಂದ ಒಂಬತ್ತರ ತನಕ, ಆಮೇಲೆ ಸ್ಟಾರ್, ಸೊನ್ನೆ, ಹ್ಯಾಶ್, ಒಂದೂ ತಪ್ಪದೆ ಸರಸರ ಒತ್ತಬೇಕು. ಆಗ ಹಳೆಯದೆಲ್ಲಾ ಅಳಿಯುತ್ತದೆ. ಆಮೇಲೆ ನನ್ನ ಲ್ಯಾಪ್‌ಟಾಪಿನಿಂದ ಹೊಸ ಸಾಫ್ಟ್‌ವೇರು ಒಳಗೆ ಹೋಗಬೇಕು. ಆ ಹೊತ್ತಿನಲ್ಲಿ ಕರೆಂಟು ಹೋಯಿತೋ, ಫೋನು ಸತ್ತಂತೆಯೇ. ಹೊಸಪೇಟೆಯ ಕರೆಂಟಿನ ಮೇಲೆ ಭಾರ ಹಾಕಿ ಮಾಡುವ ಕೆಲಸವೇ ಇದು? ಕೊನೆಗೆ ನಮ್ಮ ಸರ್ವರಿನ ವಿಳಾಸ, ಆ ಫೋನಿನ ನಂಬರು, ಗುಪ್ತ ಸಂಖ್ಯೆ, ಎಲ್ಲಾ ಆ ಗುಂಡಿಗಳಲ್ಲೇ ಒತ್ತಬೇಕು. ಒಂದು ಚುಕ್ಕಿ ತಪ್ಪಿದರೆ ಮತ್ತೆ ಮೊದಲಿಂದ. ನಾನು ಮೂರು ಫೋನಿನ ಹೊತ್ತಿಗೆ ಹೈರಾಣಾಗಿ ಬೈಯತೊಡಗಿದೆ.

“ಸರಿ ಅತ್ತಾಗ” ಅಂದರು ಅಕ್ಕ. ಒಂದು ಸಲ ನೋಡಿಕೊಂಡರು, ಹಳೇ ಕ್ಯಾಲೆಂಡರಿನ ಹಿಂಬದಿಗೆ ಕನ್ನಡದಲ್ಲಿ ಸಾಲಾಗಿ ಬರೆದುಕೊಂಡರು, ಶುರು ಮಾಡಿದರು. ಇಪ್ಪತ್ತು ವರ್ಷ ಗುಂಡಿ ಒತ್ತಿದ ಬೆರಳು ಸ್ವಾಮಿ ಅದು. ಗುಂಡಿಗಳ ಕಡೆ ನೋಡದೆ, ನನ್ನ ಜೊತೆ ಮಗಳ ಹಾಸ್ಟೆಲಿನ ಸಾರಿನ ಸುದ್ದಿ ಹೇಳುತ್ತಾ ಒತ್ತುತ್ತಿದ್ದರು. ನಾನು ಹನ್ನೆರಡು ಫೋನು ಸರಿಮಾಡಿದರೆ ಅಕ್ಕ ಹತ್ತೊಂಬತ್ತು ಮಾಡಿದರು. ಎಲ್ಲಾ ಮುಗಿದ ಮೇಲೆ ನಾನು ಎದ್ದರೆ, “ಎಲ್ಲಿ ಹೊಂಟಿ? ಗಡಿಯಾರ ನೋಡು. ಇವು ಇನ್ನೂ ಅಮೆರಿಕಾದಾಗ ಅದಾವು” ಅಂದರು. ಹೌದು, ಪರದೆಯ ಮೇಲೆ ಆ ದೇಶದ ಗಂಟೆಯೇ ಇತ್ತು. ಮೂವತ್ತೊಂದರದ್ದೂ ತಿದ್ದಿಸಿದರು.

ಗಂಟೆ ತಿದ್ದುತ್ತಿರುವಾಗ ನಾನು ತಡೆಯಲಾರದೆ, “ಅಕ್ಕಾ, ನಿಮಗ ಸಿಟ್ಟಿಲ್ಲೇನು? ನಿಮ್ಮ ಕುರ್ಚಿ ತೆಗೆಯಾಕ ಬಂದ ಫೋನು ಇವು” ಅಂದೆ.

“ಸಿಟ್ಟು ಐತಿ. ಭಾಳ ಐತಿ. ಫೋನಿನ ಮ್ಯಾಲೆ ಯಾಕ ತೀರಸ್ಲಿ? ಅವು ಏನ್ ಮಾಡ್ಯಾವು?” ಅಂದು ಮುಂದಿನ ಫೋನಿಗೆ ಕೈಹಾಕಿದರು.

ಇಲ್ಲಿಂದ ನನ್ನ ತಪ್ಪು. ಫೋನ್ ಮಾಡಿದವರಿಗೆ ಮೊದಲು ಒಂದು ದನಿ ಕೇಳಿಸಬೇಕಲ್ಲ. ಬೆಂಗಳೂರಿನಿಂದ ದನಿ ಮಾಡಿಸಿದರೆ ದುಡ್ಡು. ಅಕ್ಕನ ದನಿಯೇ ಇರಲಿ, ಗುಡ್ಡದವರಿಗೂ ರೂಢಿಯ ದನಿ ಅಂತ ನಾನೇ ಧಣಿಗೆ ಹೇಳಿ ದೊಡ್ಡ ಜಾಣನಾದೆ. ಅಕ್ಕನನ್ನು ಕೂರಿಸಿ ರೆಕಾರ್ಡ್ ಮಾಡಿದೆ. “ಹೇಳ್ರಿ. ಇದು ಗಣಿ ಆಫೀಸು. ಲಾರಿ ವಿಷಯ ಇದ್ರ ಒಂದು ಒತ್ರಿ. ಡೀಸೆಲ್ ವಿಷಯ ಇದ್ರ ಎರಡು ಒತ್ರಿ…” ಶುರುವಿನ ಆ “ಹೇಳ್ರಿ” ಬೇಡ ಅಂತ ಅಕ್ಕನೇ ಅಂದಿದ್ದರು. ಅದಿದ್ದರೇ ಚಂದ, ಮನೆಯವರ ಹಾಗೆ ಕೇಳುತ್ತದೆ ಅಂತ ಹಟ ಹಿಡಿದವನು ನಾನು.

ರೆಕಾರ್ಡ್ ಮುಗಿದ ಮೇಲೆ ಅಕ್ಕ ಕೇಳಿದರು, “ನಾ ಎದ್ದು ಹೋದ ಮ್ಯಾಲೂ ಇದು ಮಾತಾಡ್ತೈತೇನು?”

“ಹೌದಕ್ಕಾ, ನೀವು ಕಾಶಿಗೆ ಹೋದ್ರೂ ಮಾತಾಡ್ತೈತಿ.”

ಅವರು ನಗಲಿಲ್ಲ. “ತಮ್ಮಾ, ಒಂದು ಮಾಡು. ಗುಡ್ಡದವ್ರು ಒಂಬತ್ತು ಒತ್ತಿ ಏನೂ ಒತ್ತದ ಹಂಗ ಬಿಟ್ರ, ಯಾರರ ಒಬ್ರು ಮನಷ್ಯಾರ ಮೇಜಿಗೆ ಗಂಟಿ ಹೊಡೀಲಿ. ಯಾರದಾರ ಆಗ್ಲಿ. ಸುಮ್ನ ಬಂದ್ ಆಗೋದು ಬ್ಯಾಡ.”

ಅರ್ಧ ಗಂಟೆಯ ಕೆಲಸ. ಆಯಿತಕ್ಕಾ ಅಂದೆ. ಡೈರಿಯಲ್ಲಿ ಬರೆದುಕೊಂಡೆ. ಮಾಡಲಿಲ್ಲ. ಧಣಿ ಉದ್ಘಾಟನೆ ಅಂತ ಅವಸರ ಮಾಡಿದರು, ನಾನು ಮುಂದಿನ ವಾರ ನೋಡೋಣ ಅಂದುಕೊಂಡೆ. ಗುಂಡಿ ಒತ್ತದಿದ್ದರೆ ಆ ದನಿ ಎರಡು ಸಲ ಹೇಳಿ ಕರೆ ತಾನೇ ಕಡಿಯುತ್ತಿತ್ತು, ಹಾಗೇ ಬಿಟ್ಟೆ.

ಹೊಸ ಫೋನು ಚಾಲೂ ಆಯಿತು. ಪೂಜೆ, ತೆಂಗಿನಕಾಯಿ, ಪೇಡೆ. ಸ್ವಿಚ್ ಬೋರ್ಡು ಗೋದಾಮಿಗೆ ಹೋಯಿತು. ಅಕ್ಕನನ್ನು ತಿಂಗಳ ಕೊನೆಯ ತನಕ ಒಳಗಿನ ಪರ್ಮಿಟ್ ಕೋಣೆಯಲ್ಲಿ ಚೀಟಿ ಜೋಡಿಸಲು ಕೂರಿಸಿದರು. ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಅವರು ಒಳಗೆ ಹೋದದ್ದು ನೋಡಿ ನಾನು ಪೇಡೆ ತಿನ್ನಲಾರದೆ ಜೇಬಿಗೆ ಹಾಕಿಕೊಂಡೆ.

ಐದನೇ ದಿನ ಬೆಳಿಗ್ಗೆ ಹತ್ತೂ ಇಪ್ಪತ್ತರ ಸುಮಾರಿಗೆ ಗುಡ್ಡದ ಮೇಲೆ ಕ್ರಷರಿನ ಬೆಲ್ಟಿಗೆ ಒಬ್ಬ ಕೆಲಸಗಾರನ ಕಾಲು ಸಿಕ್ಕಿತು. ಬೆಲ್ಟು ನಿಲ್ಲಿಸಿ ಬಿಡಿಸಿಕೊಂಡರು. ರಕ್ತ ಹರಿಯುತ್ತಿದೆ. ಆಸ್ಪತ್ರೆಗೆ ಒಯ್ಯುವ ಜೀಪು ಇರುವುದು ಗುಡ್ಡದ ಬುಡದಲ್ಲಿ. ಗುಡ್ಡದ ಒಂದೇ ರಸ್ತೆಯ ತುಂಬಾ ಟಿಪ್ಪರ್ ಸಾಲು. ಬುಡದ ಗೇಟಿನವರು ಸಾಲು ತಡೆದರೆ ಮಾತ್ರ ಜೀಪು ಮೇಲೆ ಬರಬಲ್ಲದು, ಇಳಿಯಬಲ್ಲದು. ಇದೆಲ್ಲಾ ಮಾಡಿಸುವವರು ಯಾರು? ಅಕ್ಕ. ಕ್ರಷರಿನ ಮೇಸ್ತ್ರಿ ಓಡಿಹೋಗಿ ಒಂಬತ್ತು ಒತ್ತಿದರು. ಬೆಲ್ಟು ಒಂದು ನಿಂತಿತ್ತೇ ಹೊರತು ಪಕ್ಕದ ಕ್ರಷರು ಭರ್ರೋ ಅಂತ ನಡೆದೇ ಇತ್ತು. “ಹೇಳ್ರಿ” ಅಂತ ಅಕ್ಕನ ದನಿ ಕೇಳಿಸಿತು. ಅಷ್ಟು ಸಾಕಲ್ಲ. “ಹುಡುಗನ ಕಾಲು ಬೆಲ್ಟಿಗೆ ಸಿಕ್ಕೈತಿ ಅಕ್ಕಾ, ಜೀಪು ಕಳಸ್ರಿ!” ಅಂತ ಎರಡು ಸಲ ಕೂಗಿ, ಕಲಿಸಿದ ಹಾಗೆ ಫೋನಿಟ್ಟು, ಗಾಯಾಳುವಿನ ಹತ್ತಿರ ಬಂದು ಕೂತರು. ಅಕ್ಕಗೆ ಹೇಳಿಯಾಯಿತು, ಇನ್ನು ಬಂದೇ ಬರುತ್ತದೆ ಅಂತ ಎಲ್ಲರಿಗೂ ಧೈರ್ಯ. ಅವರು ಕೂಗಿದ್ದನ್ನು ಕೇಳಿಸಿಕೊಂಡ ಒಂದು ನರಪಿಳ್ಳೆಯೂ ಆ ಕಡೆ ಇರಲಿಲ್ಲ.

ಹನ್ನೊಂದಕ್ಕೆ ಪರ್ಮಿಟ್ ಕೋಣೆಯಲ್ಲಿ ಅಕ್ಕನ ಕೈ ತಾನಾಗಿ ಫೋನಿನ ಕಡೆ ಹೋಯಿತು. ನಾನು ಅಲ್ಲೇ ಪ್ರಿಂಟರ್ ಬಿಚ್ಚುತ್ತಾ ಕೂತಿದ್ದೆ. “ಕೆಲಸ ತೆಗೆದ್ರೂ ಚಟ ಹೋಗ್ಲಿಲ್ಲ ನೋಡ್ರಕ್ಕಾ ನಿಮ್ದು” ಅಂತ ಚೇಷ್ಟೆ ಮಾಡಿದೆ. ಅವರು ನಗುತ್ತಲೇ ಕ್ರಷರಿನ ನಂಬರ್ ಒತ್ತಿ “ಕೇಳ್ತೈತೇನ್ರಿ?” ಅಂದರು. ಆ ಕಡೆಯಿಂದ ಮೇಸ್ತ್ರಿ ಕೂಗಿದ್ದು ನನಗೂ ಕೇಳಿಸಿತು.

“ಏನಕ್ಕಾ ಇನ್ನೂ ಜೀಪು ಬಂದಿಲ್ಲ! ನಿಮಗ ಹೇಳಿ ಮುಕ್ಕಾಲು ತಾಸಾತು!”

“ನನಗಾ?” ಅಂದರು ಅಕ್ಕ. ಅಷ್ಟೇ. ಮರುಕ್ಷಣ ಎಲ್ಲಾ ತಿಳಿದುಹೋಯಿತು ಅವರಿಗೆ. ಬೆರಳು ಮಾತ್ರ ನಿಲ್ಲಲಿಲ್ಲ. ಗೇಟು, ಜೀಪು, ಸಂಡೂರಿನ ಆಸ್ಪತ್ರೆ, ಮೂರಕ್ಕೂ ಹೇಳಿ ಮುಗಿಸಿದ ಮೇಲೆ ರಿಸೀವರ್ ಇಟ್ಟು ನನ್ನ ಕಡೆ ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು.

ಜೀವ ಉಳಿಯಿತು. ಪಾದದ ಮುಂದಿನ ಅರ್ಧ ಉಳಿಯಲಿಲ್ಲ. ಸ್ವಲ್ಪ ಮೊದಲು ತಂದಿದ್ದರೆ ನೋಡಬಹುದಿತ್ತು ಅಂದರಂತೆ ಡಾಕ್ಟರು. ಈ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ, ಬಿಡಲೂಬಾರದು.

ಮರುದಿನ ಧಣಿಯ ಕೋಣೆಯಲ್ಲಿ ವಿಚಾರಣೆ. ಮೇಸ್ತ್ರಿಯನ್ನು ಗುಡ್ಡದಿಂದ ಕರೆಸಿದ್ದರು. ಟವೆಲು ಹಿಂಡುತ್ತಾ ನಿಂತಿದ್ದರು, ಪಾಪ.

“ನೀ ಯಾರಿಗೆ ಹೇಳಿದ್ಯೋ?” ಅಂದರು ಧಣಿ.

“ಅಕ್ಕಗ ಹೇಳೀನ್ರಿ ಧಣೀ.”

“ಅದು ಅಕ್ಕ ಅಲ್ಲಲೇ, ಮಷೀನು!”

“ಅಕ್ಕನ ದನಿ ಬಂತ್ರಿ. ನಾ ಎರಡು ಸಲ ಹೇಳೀನಿ. ದೇವರಾಣಿ.”

ಧಣಿ ನನ್ನ ಕಡೆ ತಿರುಗಿದರು. “ಯಾರದು ತಪ್ಪು?” ಅಂದರು. ನಾನು ನೆಲ ನೋಡಿದೆ. ಆಗ ಅಕ್ಕ ಮಾತಾಡಿದರು.

“ತಪ್ಪು ನಂದ್ರಿ. ಎರಡು ಸಲ ಹೇಳಿ ಇಟ್ಟುಬಿಡ್ರಿ ಅಂತ ಅವರಿಗೆ ಕಲಿಸಿದಾಕಿ ನಾನು. ಇನ್ನ ಮ್ಯಾಲೆ ಅಲ್ಲಿ ನಾ ಇರೋದಿಲ್ಲ ಅಂತ ಒಬ್ಬೊಬ್ಬರಿಗೂ ಹೇಳಿ ಏಳ್ಬೇಕಾಗಿತ್ತು. ಹೇಳ್ಲಿಲ್ಲ. ನನ್ನ ದನಿ ಅಲ್ಲಿಟ್ಟು ನಾ ಎದ್ದು ಹೋದೆ.”

ಧಣಿಗೆ ಅದೇ ಬೇಕಾಗಿತ್ತು. ಊರೆಲ್ಲಾ ತೋರಿಸಿ ಮೆರೆದ ಫೋನು ಕೆಟ್ಟದ್ದು ಅಂತ ಯಾರು ಒಪ್ಪುತ್ತಾರೆ? ತಿಂಗಳ ಕೊನೆ ತನಕ ಯಾಕೆ, ನಾಳೆಯಿಂದಲೇ ಬರುವುದು ಬೇಡ ಅಂದುಬಿಟ್ಟರು. ಅಕ್ಕ ಕೈಮುಗಿದು ಹೊರಗೆ ಹೋದರು. ನಾನು ನಿಂತಿದ್ದೆ. ಬಾಯಿ ಬಿಡಲಿಲ್ಲ. ಹೇಡಿ ಅನ್ನುವ ಪದವನ್ನು ಬೇರೆಯವರಿಗೆ ಧಾರಾಳವಾಗಿ ಬಳಸುತ್ತೇವೆ, ಅವತ್ತು ಅದು ನನ್ನ ಅಳತೆಗೇ ಹೊಲಿದಂತಿತ್ತು.

ಸಂಜೆ ಅವರ ಮನೆಗೆ ಹೋದೆ. ಯಜಮಾನರು ಮಷಿನ್ ನಿಲ್ಲಿಸಿ, “ಬರ್ರಿ, ಕುಂದ್ರಿ” ಅಂತ ಸ್ಟೂಲ್ ಎಳೆದರು. ಚಹಾ ಬಂತು. ಅವರಿಗೆ ವಿಷಯ ಗೊತ್ತಿತ್ತು, ಆದರೂ ಚಹಾಕ್ಕೆ ಎರಡು ಬಿಸ್ಕೀಟು ಜೊತೆಗೆ ಕೊಟ್ಟರು. ನನಗೆ ಅಳು ಬಂತು.

“ಯಾಕ್ ಸುಳ್ಳ್ ಹೇಳಿದ್ರಿ ಅಕ್ಕಾ? ನೀವು ನನಗ ಮೊದಲೇ ಹೇಳಿದ್ರಿ. ಮಾಡದವ ನಾನು.”

“ಸುಳ್ಳ್ ಎಲ್ಲಿ ಹೇಳೀನಿ? ನಂದು ಎಷ್ಟೈತಿ ಅಷ್ಟು ಹೇಳೀನಿ. ನಿಂದು ನೀ ಹೇಳ್ತಿ ಅಂತ ತಿಳ್ಕೊಂಡಿದ್ದೆ” ಅಂದರು. ಸಿಟ್ಟಿನಿಂದ ಅಲ್ಲ. ಆಮೇಲೆ, “ಒಂದು ಉಪಕಾರ ಮಾಡು. ನನ್ನ ದನಿ ತೆಗೆದುಬಿಡು. ನಾ ಇಲ್ಲದಲ್ಲಿ ನನ್ನ ದನಿ ಇರಬಾರ್ದು. ಮಂದಿ ನಂಬ್ತಾರ” ಅಂದರು.

ಮರುದಿನ ಧಣಿ ಬರುವ ಮೊದಲೇ ಅವರ ಬಾಗಿಲಲ್ಲಿ ನಿಂತಿದ್ದೆ. ಡೈರಿಯ ಆ ಪುಟ ತೆಗೆದು ಮೇಜಿನ ಮೇಲಿಟ್ಟೆ. ಅಕ್ಕ ಇದನ್ನು ಮೊದಲೇ ಹೇಳಿದ್ದರು, ಬರೆದುಕೊಂಡಿದ್ದೆ, ಮಾಡಲಿಲ್ಲ, ತಪ್ಪು ನನ್ನದು ಅಂದೆ. ಧಣಿ ಪುಟ ನೋಡಿದರು, ನನ್ನನ್ನು ನೋಡಿದರು. “ನಿನ್ನೆ ಯಾಕ ಬಾಯಿ ಬಿಡಲಿಲ್ಲ?” “ಹೆದರಿದ್ದೆ ಧಣೀ.” ಆಮೇಲೆ ಅವರು ಬೈದದ್ದು ಕೆಳಗಿನ ಬೀಡಾ ಅಂಗಡಿಗೂ ಕೇಳಿಸಿತಂತೆ. ನನ್ನನ್ನು ಹೊರಗೆ ಹಾಕಲಿಲ್ಲ. ಆ ಮೂವತ್ತೊಂದು ಹಳೇ ಫೋನುಗಳ ಸ್ವಭಾವ ಬಲ್ಲವರು ಊರಲ್ಲಿ ಇಬ್ಬರೇ, ಒಬ್ಬರನ್ನು ಆಗಲೇ ಕಳಿಸಿದ್ದರು. ಬೈದು ಸುಸ್ತಾಗಿ ಕೂತವರು ಕೊನೆಗೆ, “ಆ ಕಾಲು ಹೋದ ಹುಡುಗನ ತಾಯಿ ನಿನ್ನೆ ಬಂದಿದ್ಲು. ನನ್ನ ಮುಂದ ನಿಂತು, ಅಕ್ಕ ಎಲ್ಲ್ಯದಾಳ, ಮಗನ ಜೀವಾ ಉಳಿಸ್ಯಾಳ, ಆಕಿಗೆ ಕೈಮುಗೀಬೇಕು ಅಂದ್ಲು. ಹೋಗು, ಕರಕೊಂಡು ಬಾ” ಅಂದರು.

ಅಕ್ಕ ಬಂದರು. ದಿಂಬೂ ಬಂತು. ಕೂರುವ ಮೊದಲು ನನ್ನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ ತಮ್ಮ ದನಿಯನ್ನು ಅಳಿಸಿಸಿದರು. ಇನ್ನೊಂದು ಪ್ರತಿ ಎಲ್ಲಾದರೂ ಇದೆಯೇನು ಅಂತ ಎರಡು ಸಲ ಕೇಳಿದರು. ಇತ್ತು, ಅದನ್ನೂ ಅಳಿಸಿದೆ. ಒಂಬತ್ತು ಒತ್ತಿದರೆ ನೇರ ಅವರ ಮೇಜಿಗೆ, ಅವರು ಎದ್ದುಹೋದರೆ ನನ್ನ ಮೇಜಿಗೆ ಅಂತ ಮಾಡಿದೆ. ಮಗಳ ಓದು ನಿಲ್ಲಲಿಲ್ಲ.

ಆದರೆ ಗುಡ್ಡದವರ ನಂಬಿಕೆ ಅಷ್ಟು ಸುಲಭಕ್ಕೆ ಮರಳಲಿಲ್ಲ. ಅವತ್ತು ಊಟದ ಹೊತ್ತಿಗೆ ಕ್ರಷರ್ ನಿಂತಾಗ ಅಕ್ಕ ಅಲ್ಲಿಗೆ ಫೋನ್ ಮಾಡಿದರು. ಮೇಸ್ತ್ರಿ ಅನುಮಾನದ ದನಿಯಲ್ಲಿ, “ಅಕ್ಕಾ, ನೀವೇ ಏನ್ರಿ?” ಅಂದರು.

“ನಾನೇ.”

“ಖರೇನಾ?”

“ಖರೇ ಮೇಸ್ತ್ರಿ.”

ಅದನ್ನೂ ಮಷೀನು ಹೇಳಬಹುದಲ್ಲ! ಮೇಸ್ತ್ರಿ ಯೋಚಿಸಿದರು. ಮಷೀನಿಗೆ ಗೊತ್ತಿರಲಾರದ್ದು ಏನಿದೆ? “ಹಂಗಾರ ಇವತ್ತ್ ಏನ್ ಅಡಗಿ ಮಾಡೀರಿ ಹೇಳ್ರಿ.”

ಅಕ್ಕ, “ಹೆಸರುಕಾಳು ಪಲ್ಯ, ಎರಡು ರೊಟ್ಟಿ. ಪಲ್ಯಕ್ಕ ಉಪ್ಪು ಕಮ್ಮಿ ಆಗೈತಿ” ಅಂದರು. ಆ ಕಡೆಯಿಂದ ಮೇಸ್ತ್ರಿ “ಅಕ್ಕನೇ!” ಅಂತ ಕೂಗಿದ್ದು ನನಗೂ ಕೇಳಿಸಿತು.

ಅದೇ ಪದ್ಧತಿಯಾಯಿತು. ಗೇಟಿನವರು, ತೂಕದವರು, ಡ್ರೈವರುಗಳು, ಯಾರೇ ಒಂಬತ್ತು ಒತ್ತಿದರೂ ಮೊದಲು ಅಕ್ಕನ ಅಡಿಗೆ ಕೇಳುವುದು, ಆಮೇಲೆ ವಿಷಯ. ಉಪ್ಪಿಟ್ಟು, ಪುಂಡಿ ಪಲ್ಯ, ಹುಳಿಬಾನ, ದಿನಕ್ಕೆ ಐವತ್ತು ಸಲ ಬೇಸರವಿಲ್ಲದೆ ಹೇಳುತ್ತಿದ್ದರು. ಕೆಲವು ವರ್ಷದಲ್ಲಿ ಗಣಿ ನಿಂತಿತು, ಆಫೀಸಿಗೆ ಬೀಗ ಬಿತ್ತು. ನಾನು ಕ್ಯಾಮೆರಾ ಕೂರಿಸುವ ಅಂಗಡಿ ಇಟ್ಟೆ. ಅಕ್ಕನ ಮಗಳು ನರ್ಸ್ ಆದಳು. ಮೇಸ್ತ್ರಿ ಕಂಪ್ಲಿ ಹತ್ತಿರದ ತಮ್ಮ ಊರಿಗೆ ಹೋದರು. ಆದರೆ ದಿನಾ ಬೆಳಿಗ್ಗೆ ತಮ್ಮ ಮೊಬೈಲಿನಿಂದ ಅಕ್ಕನ ಮನೆಗೆ ಫೋನ್ ಮಾಡುವುದನ್ನು ಬಿಡಲಿಲ್ಲ. ಇಬ್ಬರ ನಡುವೆ ಬೇರೆ ಮಾತೇನೂ ಇರುತ್ತಿರಲಿಲ್ಲವಂತೆ. ಏನು ಅಡಿಗೆ ಅಂತ ಇವರು, ಇಂಥದ್ದು ಅಂತ ಅವರು.

ಅಕ್ಕ ಹೋದ ಸುದ್ದಿ ನನಗೆ ಹೇಳಿದವರು ಮೇಸ್ತ್ರಿಯೇ. ಅವರಿಗೂ ಯಾರೂ ಮುಂಚೆ ಹೇಳಿರಲಿಲ್ಲ. ದಿನದ ಹಾಗೆ ಬೆಳಿಗ್ಗೆ ಫೋನ್ ಮಾಡಿದ್ದಾರೆ. ಮಗಳು ಎತ್ತಿದ್ದಾಳೆ. ದನಿ ಥೇಟ್ ತಾಯಿಯದೇ ಅಲ್ಲವೇ, ಅಕ್ಕನೇ ಅಂದುಕೊಂಡು ಇವರು ನಗುತ್ತಾ ಕೇಳಿದ್ದಾರೆ, “ಏನ್ ಅಡಗಿ ಅಕ್ಕಾ ಇವತ್ತು?”

ಆ ಹುಡುಗಿ ಅಂದಳಂತೆ, “ಇವತ್ತು ನಮ್ಮನ್ಯಾಗ ಒಲಿ ಹಚ್ಚಿಲ್ಲ ಕಾಕಾ.”